ಕಾಮಾಲೆಯೂ ನೆಲನೆಲ್ಲಿಯೂ: ಯಕೃತ್ತನ್ನು ಕಾಯುವ ಬಗೆ

ಮುಂಗಾರು ಮಳೆ ಎರಡು ಸಲ ಹದವಾಗಿ ಬಿದ್ದಿತೆಂದರೆ ಸಾಕು, ರಾಮನಗರದ ಸುತ್ತಣ ಹಿಪ್ಪುನೇರಳೆ ತೋಟಗಳ ಸಾಲುಗಳ ನಡುವೆ, ಚನ್ನಪಟ್ಟಣದ ತೆಂಗಿನ ತೋಟಗಳ ನೆರಳಿನಲ್ಲಿ, ಕನಕಪುರ ಮತ್ತು ಮಾಗಡಿಯ ರಾಗಿ ಹೊಲಗಳ ಬದುವಿನ ಮೇಲೆ ಒಂದು ಪುಟ್ಟ ಕಳೆ ತಾನಾಗಿ ಹುಟ್ಟಿಕೊಳ್ಳುತ್ತದೆ. ಗೇಣುದ್ದದ ಈ ಗಿಡದ ಎಲೆ ನೆಲ್ಲಿಯ ಎಲೆಯನ್ನು ಹೋಲುತ್ತದೆ. ಕಡ್ಡಿಯನ್ನು ಮಗುಚಿ ನೋಡಿದರೆ ಎಲೆಗಳ ಅಡಿಯಲ್ಲಿ ಸಾಸಿವೆಗಿಂತ ತುಸು ದೊಡ್ಡವಾದ ಹಸಿರು ಕಾಯಿಗಳು ಸಾಲಾಗಿ ತೂಗುತ್ತಿರುತ್ತವೆ. ಇದೇ ನೆಲನೆಲ್ಲಿ. ಆಯುರ್ವೇದದವರು ಇದನ್ನು ಭೂಮ್ಯಾಮಲಕಿ ಎನ್ನುವರು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಫಿಲಾಂಥಸ್ ಅಮಾರಸ್.

2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರು ಪಡೆದ ಈ ಸೀಮೆಯ ಹಳ್ಳಿಗಳಲ್ಲಿ ಯಾರಿಗಾದರೂ ಕಣ್ಣು ಹಳದಿಯಾದರೆ ಹಿರಿಯರು ಮೊದಲು ನೆನೆಯುವುದು ಈ ಗಿಡವನ್ನು. ಅದನ್ನು ಬೇರುಸಹಿತ ಕಿತ್ತು, ತೊಳೆದು, ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಬರಿಯ ಹೊಟ್ಟೆಗೆ ಕುಡಿಸುವರು. ಅದೇ ಮನೆಯಲ್ಲಿ ಕಾಲೇಜಿಗೆ ಹೋಗುವ ಹುಡುಗನೊಬ್ಬನಿದ್ದರೆ, “ಅಜ್ಜಿ, ಮೊದಲು ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸೋಣ” ಎಂದು ಹಟ ಹಿಡಿಯುವನು. “ಕಾಮಾಲೆಗೆ ಇಂಗ್ಲಿಷ್ ಔಷಧವಿಲ್ಲ ಕಣಪ್ಪ” ಎಂದು ಅಜ್ಜಿ ಉತ್ತರ ಕೊಡುವಳು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವುಂಟು. ಯಾರ ಮಾತು ಎಲ್ಲಿಯವರೆಗೆ ಸರಿ, ಎರಡು ವೈದ್ಯಪದ್ಧತಿಗಳನ್ನು ಜೊತೆಯಾಗಿ ಅನುಸರಿಸುವುದಾದರೆ ಹೇಗೆ ಅನುಸರಿಸಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಯಕೃತ್ತಿನ ಕೆಲಸ

ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬುಗಳ ಮರೆಯಲ್ಲಿ, ವಪೆಯ ಕೆಳಗೆ ಯಕೃತ್ತು ಇದೆ. ಪಿತ್ತಜನಕಾಂಗವೆಂಬುದೂ ಇದರ ಹೆಸರೇ, ಆಡುಮಾತಿನಲ್ಲಿ ಈಲಿ. ವಯಸ್ಕರಲ್ಲಿ ಇದರ ತೂಕ ಸುಮಾರು ಒಂದೂಕಾಲರಿಂದ ಒಂದೂವರೆ ಕಿಲೋಗ್ರಾಂ. ಮಿಕ್ಕ ಅಂಗಗಳಿಗೆ ರಕ್ತ ಬರುವುದು ಅಪಧಮನಿಗಳಿಂದ ಮಾತ್ರ. ಯಕೃತ್ತಿಗಾದರೋ ಎರಡು ದಾರಿಗಳುಂಟು: ಒಂದು ಅಪಧಮನಿ, ಇನ್ನೊಂದು ಕರುಳಿನಿಂದ ಬರುವ ದ್ವಾರಸಿರೆ. ಒಳಬರುವ ರಕ್ತದಲ್ಲಿ ಮುಕ್ಕಾಲು ಪಾಲು ದ್ವಾರಸಿರೆಯ ಮೂಲಕವೇ ಬರುತ್ತದೆ. ಅಂದರೆ ನಾವು ಉಂಡ ಮುದ್ದೆ, ಕುಡಿದ ನೀರು, ನುಂಗಿದ ಮಾತ್ರೆ, ಅರೆದು ಕುಡಿದ ಸೊಪ್ಪು ಇವೆಲ್ಲವುಗಳ ಸಾರವೂ ದೇಹದ ಉಳಿದ ಭಾಗಗಳಿಗೆ ಹೋಗುವುದಕ್ಕೆ ಮೊದಲು ಬಹುಮಟ್ಟಿಗೆ ಈ ಸುಂಕದ ಕಟ್ಟೆಯನ್ನು ಹಾದುಹೋಗಬೇಕು.

ಸಕ್ಕರೆಯನ್ನು ಗ್ಲೈಕೊಜನ್ ರೂಪದಲ್ಲಿ ಕೂಡಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುವುದು, ಕೊಬ್ಬನ್ನು ಜೀರ್ಣಿಸಲು ನೆರವಾಗುವ ಪಿತ್ತರಸವನ್ನು ದಿನಕ್ಕೆ ಅರ್ಧ ಲೀಟರಿಗೂ ಮೇಲ್ಪಟ್ಟು ಸುರಿಸುವುದು, ವಿಷವಸ್ತುಗಳನ್ನು ಮಾರ್ಪಡಿಸಿ ಹೊರಹಾಕುವುದು, ಇವೆಲ್ಲ ಅದರ ನಿತ್ಯದ ಕೆಲಸಗಳು. ಒಂದು ಭಾಗವನ್ನು ಕತ್ತರಿಸಿ ತೆಗೆದರೂ ಮತ್ತೆ ಬೆಳೆಯುವ ಅಪೂರ್ವ ಶಕ್ತಿ ಇದಕ್ಕುಂಟು. ಈ ಶಕ್ತಿಯೇ ಒಮ್ಮೊಮ್ಮೆ ನಮ್ಮನ್ನು ಮೋಸಗೊಳಿಸುವುದೂ ಉಂಟು. ಹೇಗೆಂಬುದನ್ನು ಮುಂದೆ ನೋಡುವೆವು.

ಹಳದಿಯ ಮೂಲ

ರಕ್ತದ ಕೆಂಪು ಕಣದ ಆಯುಸ್ಸು ಸುಮಾರು 120 ದಿನಗಳು. ಮುದಿಯಾದ ಕಣಗಳು ಒಡೆದಾಗ ಅವುಗಳ ಹಿಮೋಗ್ಲೋಬಿನ್ನಿನಿಂದ ಬಿಲಿರೂಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ಹಿಡಿದು, ನೀರಿನಲ್ಲಿ ಕರಗುವಂತೆ ಮಾಡಿ, ಪಿತ್ತನಾಳದ ಮೂಲಕ ಕರುಳಿಗೆ ಸಾಗಿಸುತ್ತದೆ. ಮಲಕ್ಕೆ ಸಹಜವಾದ ಕಂದುಬಣ್ಣ ಬರುವುದು ಇದರಿಂದಲೇ. ಆರೋಗ್ಯವಂತರ 100 ಮಿಲಿಲೀಟರ್ ರಕ್ತರಸದಲ್ಲಿ ಬಿಲಿರೂಬಿನ್ ಸಾಧಾರಣವಾಗಿ ಒಂದು ಮಿಲಿಗ್ರಾಂನಷ್ಟೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ಅದು ಎರಡೂವರೆ ಮೂರು ಮಿಲಿಗ್ರಾಂಗೆ ಏರಿದರೆ ಕಣ್ಣಿನ ಬಿಳಿಯಲ್ಲಿ ಹಳದಿ ಕಾಣಿಸುತ್ತದೆ. ಇದೇ ಕಾಮಾಲೆ.

ಹಾಗಾದರೆ ಕಾಮಾಲೆ ಒಂದು ರೋಗವಲ್ಲ, ರೋಗದ ಗುರುತು. ಆ ಗುರುತು ಮೂರು ಬಗೆಯಲ್ಲಿ ಬರಬಹುದು. ಮೊದಲನೆಯದು, ಕೆಂಪು ಕಣಗಳು ಮಿತಿಮೀರಿ ಒಡೆಯುವುದು, ಮಲೇರಿಯಾದಲ್ಲಿ ಹೀಗಾಗುವುದುಂಟು. ಎರಡನೆಯದು, ಯಕೃತ್ತಿನ ಜೀವಕೋಶಗಳೇ ಊನಗೊಳ್ಳುವುದು. ಹೆಪಟೈಟಿಸ್ ಎ, ಬಿ, ಸಿ, ಇ ಎಂಬ ವೈರಸ್ಸುಗಳು, ಮದ್ಯ, ಇಲಿಜ್ವರ, ಕೆಲವು ಔಷಧಗಳು ಇದಕ್ಕೆ ಕಾರಣಗಳು. ಮೂರನೆಯದು, ಪಿತ್ತನಾಳಕ್ಕೆ ಕಲ್ಲೋ ಗೆಡ್ಡೆಯೋ ಅಡ್ಡ ಬಂದು ಪಿತ್ತರಸ ಕರುಳಿಗೆ ಇಳಿಯದಿರುವುದು. ಆಗ ಮಲ ಬೂದಿಬಿಳುಪಾಗುತ್ತದೆ, ಮೂತ್ರ ಗಾಢವಾಗುತ್ತದೆ, ಮೈಯೆಲ್ಲ ನವೆಯಾಗುತ್ತದೆ. ಹೊರಗೆ ಕಾಣುವ ಹಳದಿ ಮೂರರಲ್ಲಿಯೂ ಒಂದೇ. ಚಿಕಿತ್ಸೆ ಮಾತ್ರ ಮೂರು ಬೇರೆ. ಮಲೇರಿಯಾಕ್ಕೆ ಮಲೇರಿಯಾದ ಔಷಧ ಬೇಕು; ನಾಳಕ್ಕೆ ಅಡ್ಡಬಂದ ಕಲ್ಲನ್ನು ತೆಗೆಯಲೇ ಬೇಕು; ಯಾವ ಸೊಪ್ಪಿನ ರಸವೂ ಅದನ್ನು ಕರಗಿಸಲಾರದು.

ಪ್ರಾಚೀನರ ವಿಂಗಡಣೆ

ಇಂತಹ ವಿಂಗಡಣೆ ಆಧುನಿಕರದು ಮಾತ್ರವೆಂದು ಭಾವಿಸಬೇಕಾಗಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪಾಂಡುರೋಗವನ್ನು ಕುರಿತ ಹದಿನಾರನೆಯ ಅಧ್ಯಾಯವುಂಟು. ಕಾಮಾಲೆಯ ವಿಚಾರ ಬರುವುದು ಅಲ್ಲಿಯೇ. ಕಣ್ಣು, ಚರ್ಮ, ಉಗುರುಗಳು ಅರಿಶಿನದ ಬಣ್ಣಕ್ಕೆ ತಿರುಗಿ, ಮಲಮೂತ್ರಗಳೂ ಬಣ್ಣ ತಳೆಯುವುದು ಒಂದು ಬಗೆ. ಮೈ ಹಳದಿಯಾಗಿದ್ದರೂ ಮಲ ಮಾತ್ರ ಎಳ್ಳು ಅರೆದ ಹಿಟ್ಟಿನಂತೆ ಬಿಳುಪಾಗಿರುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ಪಿತ್ತದ ಮಾರ್ಗವು ಕಫದಿಂದ ತಡೆಯಲ್ಪಟ್ಟಿದೆ ಎಂಬುದು ಗ್ರಂಥಕಾರನ ವಿವರಣೆ. ಎರಡಕ್ಕೂ ಚಿಕಿತ್ಸೆ ಬೇರೆಬೇರೆ. ಎರಡನೆಯ ಬಗೆಯಲ್ಲಿ ಮಲಕ್ಕೆ ಮತ್ತೆ ಬಣ್ಣ ಬರುವವರೆಗೆ ಚಿಕಿತ್ಸೆಯನ್ನು ಮುಂದುವರಿಸಬೇಕೆಂದು ಅಲ್ಲಿ ವಿಧಿಸಲಾಗಿದೆ. ಆಯುರ್ವೇದದ ಪಿತ್ತ, ಕಫಗಳನ್ನು ಇಂದಿನ ಪಿತ್ತರಸ, ಲೋಳೆಗಳೊಂದಿಗೆ ಸಮೀಕರಿಸುವುದು ಸರಿಯಲ್ಲ. ಆದರೂ ರೋಗಿಯ ಮಲವನ್ನು ಗಮನಿಸಿ, ತಡೆಯುಂಟಾದ ಕಾಮಾಲೆಯನ್ನು ಪ್ರತ್ಯೇಕಿಸಿದ ಆ ಕಣ್ಣು ವಿಜ್ಞಾನಿಯ ಕಣ್ಣೆಂಬುದರಲ್ಲಿ ಸಂಶಯವಿಲ್ಲ.

ಅದೇ ಅಧ್ಯಾಯದಲ್ಲಿ ಇನ್ನೊಂದು ಎಚ್ಚರಿಕೆಯೂ ಉಂಟು. ಕಾಮಾಲೆಯ ರೋಗಿಗೆ ತೂಕಡಿಕೆ, ಭ್ರಮೆ, ಪ್ರಜ್ಞೆ ತಪ್ಪುವಿಕೆ ಕಂಡುಬಂದರೆ ಆತ ಬೇಗನೆ ಮರಣ ಹೊಂದುವನೆಂದು ಅಲ್ಲಿ ಹೇಳಿದೆ. ಯಕೃತ್ತು ಶೋಧಿಸಲಾರದೆ ಬಿಟ್ಟ ವಿಷವಸ್ತುಗಳು ಮಿದುಳನ್ನು ಮುಟ್ಟುವುದರಿಂದ ಹೀಗಾಗುತ್ತದೆಂದು ಇಂದಿನ ವೈದ್ಯರು ವಿವರಿಸುವರು. ಅಂದು ಕೈಚೆಲ್ಲಬೇಕಾಗಿದ್ದ ಆ ಸ್ಥಿತಿಯಿಂದ ಈಗ ತೀವ್ರನಿಗಾ ಘಟಕದಲ್ಲಿಯೂ, ಅಗತ್ಯಬಿದ್ದರೆ ಯಕೃತ್ತಿನ ಕಸಿಯಿಂದಲೂ ಎಷ್ಟೋ ಮಂದಿಯನ್ನು ಉಳಿಸಬಹುದಾಗಿದೆ. ಆದುದರಿಂದ ಪರೀಕ್ಷೆಯಿಲ್ಲದೆ ಎಲ್ಲ ಕಾಮಾಲೆಗೂ ಒಂದೇ ಔಷಧ ಕೊಡುವವನು ಆಧುನಿಕ ವೈದ್ಯವನ್ನು ಮಾತ್ರವಲ್ಲ, ಚರಕನನ್ನೂ ಮೀರಿ ನಡೆದಂತಾಯಿತು.

ವಾಸಿ ಮಾಡಿದವರಾರು?

“ನಮ್ಮೂರ ಪಂಡಿತರ ಔಷಧದಿಂದ ನೂರಾರು ಮಂದಿಗೆ ಗುಣವಾಗಿದೆ” ಎಂದು ಜನ ಹೇಳುವುದನ್ನು ನಾವು ಕೇಳಿದ್ದೇವೆ. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ.

ಒಬ್ಬ ಪಂಡಿತರ ಬಳಿಗೆ ಕಾಮಾಲೆಯ 100 ಮಂದಿ ಬಂದರೆಂದು ಭಾವಿಸಿರಿ. ಅವರಲ್ಲಿ 95 ಮಂದಿಗೆ ಇರುವುದು ಹೆಪಟೈಟಿಸ್ ಎ ಎಂದಿಟ್ಟುಕೊಳ್ಳೋಣ. ಈ ವೈರಸ್ಸನ್ನು ಕೊಲ್ಲುವ ಔಷಧ ಯಾವ ಪದ್ಧತಿಯಲ್ಲಿಯೂ ಇಲ್ಲ. ಅಜ್ಜಿಯ ಮಾತು ಇಷ್ಟರಮಟ್ಟಿಗೆ ನಿಜ. ಆದರೆ ಔಷಧ ಬೇಕಾಗುವುದೂ ವಿರಳ. ದೇಹದ ರಕ್ಷಣಾಶಕ್ತಿ ಕೆಲವು ವಾರಗಳಲ್ಲಿ ವೈರಸ್ಸನ್ನು ಓಡಿಸುತ್ತದೆ, ಯಕೃತ್ತು ತನ್ನ ಕೋಶಗಳನ್ನು ತಾನೇ ಮತ್ತೆ ಬೆಳೆಸಿಕೊಳ್ಳುತ್ತದೆ. ನೆಲನೆಲ್ಲಿ ಕುಡಿದವರೂ ಗುಣವಾಗುವರು, ಬರಿಯ ಮಜ್ಜಿಗೆ ಕುಡಿದವರೂ ಗುಣವಾಗುವರು. ಯಕೃತ್ತಿನ ಈ ಶಕ್ತಿ ನಮ್ಮನ್ನು ಮೋಸಗೊಳಿಸುತ್ತದೆಂದು ಹಿಂದೆ ಹೇಳಿದುದು ಇದನ್ನೇ. ಉಳಿದ ಐವರಲ್ಲಿ ಒಬ್ಬನಿಗೆ ಪಿತ್ತನಾಳದಲ್ಲಿ ಕಲ್ಲು, ಒಬ್ಬನಿಗೆ ದೀರ್ಘಕಾಲದ ಹೆಪಟೈಟಿಸ್ ಬಿ, ಒಬ್ಬಳಿಗೆ ಕ್ಷಯದ ಮಾತ್ರೆಗಳಿಂದಾದ ತೊಂದರೆ, ಒಬ್ಬನಿಗೆ ಇಲಿಜ್ವರ, ಇನ್ನೊಬ್ಬಳು ಹೆಪಟೈಟಿಸ್ ಇ ತಗುಲಿದ ತುಂಬುಗರ್ಭಿಣಿ. ಈ ಐವರಿಗೆ ಕಳೆದುಹೋದ ಒಂದೊಂದು ದಿನವೂ ಪ್ರಾಣದ ಬೆಲೆಯುಳ್ಳದ್ದು. ಗರ್ಭದ ಕೊನೆಯ ಮೂರು ತಿಂಗಳುಗಳಲ್ಲಿ ಹೆಪಟೈಟಿಸ್ ಇ ತಗುಲಿದರೆ 100ಕ್ಕೆ 20ರಿಂದ 25 ತಾಯಂದಿರವರೆಗೆ ಸಾಯಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿದೆ. ಗುಣವಾದ 95 ಮಂದಿ ಸಂತೆಯಲ್ಲಿ ಪಂಡಿತರ ಹೆಸರನ್ನು ಕೊಂಡಾಡುವರು. ಆ ಐವರ ಕಥೆಯನ್ನು ಹೇಳುವವರಾರು?

ಕೆಲವರು ರೋಗಿಯ ಕೈಗೆ ಯಾವುದೋ ರಸವನ್ನು ಸವರಿ ಸುಣ್ಣದ ತಿಳಿನೀರಿನಲ್ಲಿ ತೊಳೆಸಿ, ನೀರು ಹಳದಿಯಾದುದನ್ನು ತೋರಿಸಿ, “ನೋಡಿ, ಕಾಮಾಲೆ ಇಳಿಯಿತು” ಎನ್ನುವುದುಂಟು. ವಿದ್ಯಾರ್ಥಿಗಳು ಮನೆಯಲ್ಲಿಯೇ ಒಂದು ಪ್ರಯೋಗ ಮಾಡಿ ನೋಡಬಹುದು. ಅಡಿಗೆಯ ಅರಿಶಿನವನ್ನು ನೀರಿನಲ್ಲಿ ಕದಡಿ ಚಿಟಿಕೆ ಸುಣ್ಣ ಹಾಕಿದರೆ ಹಳದಿ ನೀರು ಕೆಂಪಾಗುತ್ತದೆ. ನಮ್ಮ ಹೆಂಗಸರು ಆರತಿಗೆ ಕದಡುವ ಓಕುಳಿ ಇದೇ. ಸುಣ್ಣದ ನೀರು ಕ್ಷಾರ. ಕ್ಷಾರದೊಡನೆ ಸೇರಿದಾಗ ಅನೇಕ ಸಸ್ಯರಸಗಳ ಬಣ್ಣ ಬದಲಾಗುತ್ತದೆ. ಬಿಲಿರೂಬಿನ್ ದೇಹದಿಂದ ಹೊರಹೋಗುವುದು ಮಲಮೂತ್ರಗಳ ಮೂಲಕವೇ ಹೊರತು ಅಂಗೈಯ ಚರ್ಮದಿಂದ ಸುಣ್ಣದ ನೀರಿಗೆ ಇಳಿದಲ್ಲ. ಕಾಮಾಲೆಗೆಂದು ತೋಳಿಗೆ ಬರೆ ಹಾಕುವುದು, ಕಣ್ಣಿಗೆ ಮೂಗಿಗೆ ಸೊಪ್ಪಿನ ರಸ ಹಿಂಡುವುದು, ಇವು ಗಾಯವನ್ನೂ ಉರಿಯನ್ನೂ ಹೆಚ್ಚಿಸುವುವೇ ಹೊರತು ಯಕೃತ್ತನ್ನು ಮುಟ್ಟುವುದಿಲ್ಲ.

ನೆಲನೆಲ್ಲಿಯ ಪರೀಕ್ಷೆ

ಹಾಗಾದರೆ ನೆಲನೆಲ್ಲಿಯಲ್ಲಿ ಏನೂ ಇಲ್ಲವೆ? ಈ ಪ್ರಶ್ನೆಯನ್ನು ನಿಜವಾದ ತಕ್ಕಡಿಯಲ್ಲಿಟ್ಟು ತೂಗಿದ ಚರಿತ್ರೆ ಬಹಳ ಸ್ವಾರಸ್ಯವಾದುದು.

ಅಮೆರಿಕದ ವಿಜ್ಞಾನಿ ಬರೂಕ್ ಬ್ಲೂಂಬರ್ಗ್ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಒಂದು ವಿಚಿತ್ರ ಪ್ರೋಟೀನನ್ನು ಕಂಡು 1965ರಲ್ಲಿ ಪ್ರಕಟಿಸಿದರು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚವೆಂದು ಮುಂದೆ ತಿಳಿದುಬಂತು. 1976ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇದೇ ಬ್ಲೂಂಬರ್ಗರು ಮದರಾಸಿನ ತ್ಯಾಗರಾಜನ್ ಮೊದಲಾದ ಸಂಶೋಧಕರೊಡನೆ ಕೂಡಿ ನೆಲನೆಲ್ಲಿಯನ್ನು ಪರೀಕ್ಷಿಸಿದರು. ಹೆಪಟೈಟಿಸ್ ಬಿ ವೈರಸ್ಸನ್ನು ಹೊತ್ತವರಲ್ಲಿ ಒಂದು ಗುಂಪಿಗೆ ನೆಲನೆಲ್ಲಿಯ ಪುಡಿಯನ್ನೂ, ಇನ್ನೊಂದು ಗುಂಪಿಗೆ ನೋಟಕ್ಕೆ ಅದರಂತೆಯೇ ಇರುವ ಹುಸಿ ಔಷಧವನ್ನೂ 30 ದಿನಗಳು ಕೊಡಲಾಯಿತು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ನೆಲನೆಲ್ಲಿ ಸೇವಿಸಿದ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ಆ ಪ್ರೋಟೀನು ಮಾಯವಾಗಿತ್ತು. ಹುಸಿ ಔಷಧದ 23 ಮಂದಿಯಲ್ಲಿ ಒಬ್ಬರಲ್ಲಿ ಮಾತ್ರ ಹಾಗಾಗಿತ್ತು. ಲೋಕವೆಲ್ಲ ಈ ಪುಟ್ಟ ಕಳೆಯ ಕಡೆಗೆ ತಿರುಗಿ ನೋಡಿತು.

ಆದರೆ ವಿಜ್ಞಾನದಲ್ಲಿ ಒಂದು ಸಲ ಬಂದ ಉತ್ತರ ಸಾಲದು. ಅದು ಮತ್ತೊಬ್ಬರ ಕೈಯಲ್ಲಿಯೂ ಬರಬೇಕು. 1990ರಲ್ಲಿ ಥಾಯ್ಲೆಂಡಿನ ಸಂಶೋಧಕರು ತಮ್ಮಲ್ಲಿ ಬೆಳೆದ ನೆಲನೆಲ್ಲಿಯಿಂದ ಇದೇ ಪ್ರಯೋಗವನ್ನು ಮಾಡಿದಾಗ ಆ ಫಲ ದೊರೆಯಲಿಲ್ಲ. ಮುಂದಿನ ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ ವಿಮರ್ಶಿಸಿದವರೂ ಹೆಪಟೈಟಿಸ್ ಬಿ ರೋಗಕ್ಕೆ ಇದು ಖಚಿತವಾದ ಔಷಧವೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದೇ ತೀರ್ಮಾನಿಸಿದರು.

ಗಿಡದ ಗುರುತೂ ಇಲ್ಲಿ ಒಂದು ತೊಡಕು. ನೆಲನೆಲ್ಲಿಯನ್ನು ಹೋಲುವ ಸೋದರ ಜಾತಿಗಳು ನಮ್ಮ ಹೊಲಗಳಲ್ಲಿ ಹಲವು. 2010ರಲ್ಲಿ ಬೆಂಗಳೂರಿನ ವಿಜ್ಞಾನಿಗಳು ದಕ್ಷಿಣ ಭಾರತದ ಗ್ರಂದಿಗೆ ಅಂಗಡಿಗಳಲ್ಲಿ ನೆಲನೆಲ್ಲಿಯೆಂದು ಮಾರುತ್ತಿದ್ದ ಮಾದರಿಗಳನ್ನು ಡಿ.ಎನ್.ಎ. ಪರೀಕ್ಷೆಗೆ ಒಳಪಡಿಸಿದರು. ನೂರಕ್ಕೆ 76 ಮಾದರಿಗಳಲ್ಲಿ ಮಾತ್ರ ಹೆಚ್ಚುಕಡಿಮೆ ಶುದ್ಧವಾದ ಫಿಲಾಂಥಸ್ ಅಮಾರಸ್ ಇತ್ತು. ಉಳಿದವುಗಳಲ್ಲಿ ಬೇರೆ ಐದು ಜಾತಿಗಳು ಕಂಡುಬಂದುವು. ಗಿಡವೇ ಬೇರೆಯಾದರೆ ಗುಣದ ಮಾತೆಲ್ಲಿ? ಮಾಗಡಿ ತಾಲ್ಲೂಕಿನ ಸಾವನದುರ್ಗದ ಕಾಡು ರಾಜ್ಯದ ಔಷಧಸಸ್ಯ ಸಂರಕ್ಷಣಾ ಪ್ರದೇಶಗಳಲ್ಲಿ ಒಂದು. ಗಿಡಗಳನ್ನು ಅವುಗಳ ನೆಲೆಯಲ್ಲಿಯೇ ಗುರುತಿಸಿ ಉಳಿಸುವ ಇಂತಹ ಕೆಲಸಕ್ಕೆ ವೈದ್ಯದಲ್ಲಿ ಎಷ್ಟು ಬೆಲೆಯೆಂಬುದು ಇದರಿಂದ ತಿಳಿಯುತ್ತದೆ.

ಗಿಡಮೂಲಿಕೆಯೆಲ್ಲ ನಿರಪಾಯವೆ?

“ಸೊಪ್ಪು ತಾನೆ, ಗುಣವಾಗದಿದ್ದರೂ ಕೆಡಕೇನು?” ಎಂಬ ಮಾತು ಬಹಳ ಕಡೆ ಕೇಳಿಬರುತ್ತದೆ. ಸುಂಕದ ಕಟ್ಟೆಯ ಹೋಲಿಕೆಯನ್ನು ನೆನೆಯಿರಿ. ಕಟ್ಟೆಯಲ್ಲಿ ಕುಳಿತವನು ಬಂದ ಮೂಟೆ ಕಾಡಿನದೋ ಕಾರ್ಖಾನೆಯದೋ ಎಂದು ಕೇಳುವುದಿಲ್ಲ. ಪ್ರತಿಯೊಂದನ್ನೂ ಬಿಚ್ಚಿಯೇ ನೋಡಬೇಕು.

ಕೊರೋನಾ ಹಾವಳಿಯ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಮನೆಮನೆಗೂ ಹಬ್ಬಿತು. 2021ರಲ್ಲಿ ಮುಂಬಯಿಯ ವೈದ್ಯರು, ಅದನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿನ ಉರಿಯೂತವನ್ನು ಕಂಡುದಾಗಿ ವರದಿ ಮಾಡಿದರು. 2022ರಲ್ಲಿ ದೇಶದ 13 ಚಿಕಿತ್ಸಾಕೇಂದ್ರಗಳಿಂದ ಇಂತಹ 43 ರೋಗಿಗಳ ವಿವರ ಪ್ರಕಟವಾಯಿತು. ಅಮೃತಬಳ್ಳಿ ಸುರಕ್ಷಿತವೆಂದೂ, ಅದನ್ನು ಹೋಲುವ ಬೇರೆ ಬಳ್ಳಿಯ ಬಳಕೆಯಾಗಿರಬಹುದೆಂದೂ ಕೇಂದ್ರದ ಆಯುಷ್ ಮಂತ್ರಾಲಯ ಉತ್ತರ ಕೊಟ್ಟಿತು. ಯಾರ ಪಕ್ಷ ಹಿಡಿದರೂ ವಿದ್ಯಾರ್ಥಿಗೆ ಬರುವ ಪಾಠ ಒಂದೇ: ಯಾವ ಬಳ್ಳಿ, ಎಷ್ಟು ಪ್ರಮಾಣ, ಎಷ್ಟು ದಿನ, ಯಾರ ದೇಹಕ್ಕೆ ಎಂಬುದನ್ನು ತಿಳಿಯದೆ ಕುಡಿಯತಕ್ಕದ್ದಲ್ಲ.

ಅರಿಶಿನದ ವಿಚಾರವೂ ಹೀಗೆಯೇ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೆ ಯಾರೂ ಅಂಜಬೇಕಾಗಿಲ್ಲ. ಆದರೆ ಅದರ ಸಾರವನ್ನು ಬಹುಪಾಲು ಸಾಂದ್ರಗೊಳಿಸಿ, ದೇಹಕ್ಕೆ ಹೆಚ್ಚು ಹೀರಲೆಂದು ಮೆಣಸಿನ ಸಾರವನ್ನು ಕೂಡಿಸಿದ ಗುಳಿಗೆಗಳಿಂದ ಯಕೃತ್ತು ಕೆಟ್ಟ ಹತ್ತು ಪ್ರಸಂಗಗಳನ್ನು ಅಮೆರಿಕದ ಸಂಶೋಧಕರು 2022ರಲ್ಲಿ ವಿವರಿಸಿದ್ದಾರೆ. ಯಕೃತ್ತಿನ ಕಾಯಿಲೆಗಳಿಗೆ ಪ್ರಸಿದ್ಧವಾದ ಆರೋಗ್ಯವರ್ಧಿನಿ ವಟಿಯಲ್ಲಿ ಹಿಮಾಲಯದ ಕಟುಕರೋಹಿಣಿಯ ಜೊತೆಗೆ ಪಾದರಸ, ಗಂಧಕ, ತಾಮ್ರ, ಲೋಹಗಳ ಸಂಸ್ಕರಿಸಿದ ರೂಪಗಳೂ ಇರುತ್ತವೆ. ಇದು ಶಿಕ್ಷಣ ಪಡೆದ ವೈದ್ಯರ ಕಣ್ಣಳತೆಯಲ್ಲಿ ಕೊಡತಕ್ಕ ಔಷಧವೇ ಹೊರತು ಅಂಗಡಿಯಿಂದ ತಂದು ತಾವಾಗಿ ನುಂಗುವುದಕ್ಕಲ್ಲ.

ಆಧುನಿಕ ಔಷಧಗಳೂ ಈ ದೋಷದಿಂದ ಹೊರತಲ್ಲ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಿತಿಮೀರಿದರೆ ಯಕೃತ್ತನ್ನು ಕೊಲ್ಲಬಲ್ಲದು. ಕ್ಷಯಕ್ಕೆ ಕೊಡುವ ಐಸೊನಯಾಜಿಡ್, ಪೈರಜಿನಮೈಡ್ ಮೊದಲಾದವುಗಳಿಂದಲೂ ಕೆಲವರಿಗೆ ಕಾಮಾಲೆ ಬರುವುದುಂಟು. ವ್ಯತ್ಯಾಸವಿರುವುದು ಲೆಕ್ಕ ಇಡುವುದರಲ್ಲಿ. ಇಂತಹ ಮಾತ್ರೆಗಳಲ್ಲಿ ಅಳತೆ ಗೊತ್ತಿದೆ, ಅಪಾಯದ ಚಿಹ್ನೆಗಳು ಗೊತ್ತಿವೆ, ಪ್ಯಾರಾಸಿಟಮಾಲಿಗೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತಿವಿಷವೂ ಇದೆ. ಅದನ್ನು ಎಂಟು ಗಂಟೆಗಳೊಳಗೆ ಕೊಟ್ಟರೆ ಫಲ ಅತ್ಯಂತ ಹೆಚ್ಚು. ಪೊಟ್ಟಣದಲ್ಲಿ ಕಟ್ಟಿಕೊಟ್ಟ ಹೆಸರಿಲ್ಲದ ಪುಡಿಗೆ ಈ ಅನುಕೂಲಗಳಾವುವೂ ಇಲ್ಲ.

ಎರಡನ್ನೂ ಜೊತೆಯಾಗಿ ಅನುಸರಿಸುವ ಕ್ರಮ

ಇಷ್ಟು ತಿಳಿದ ಮೇಲೆ ಅಜ್ಜಿ ಮೊಮ್ಮಕ್ಕಳ ಜಗಳವನ್ನು ಬಗೆಹರಿಸುವುದು ಕಷ್ಟವಲ್ಲ. ಅದಕ್ಕೆ ಕೆಲವು ನಿಯಮಗಳುಂಟು.

ಮೊದಲನೆಯದು, ಔಷಧಕ್ಕಿಂತ ಮುಂಚೆ ರೋಗನಿರ್ಣಯ. ಬಿಲಿರೂಬಿನ್, ಯಕೃತ್ತಿನ ಕಿಣ್ವಗಳು, ರಕ್ತ ಹೆಪ್ಪುಗಟ್ಟುವ ಕಾಲ, ವೈರಸ್ಸುಗಳ ಗುರುತು, ಬೇಕಾದರೆ ಹೊಟ್ಟೆಯ ಅಲ್ಟ್ರಾಸೌಂಡ್, ಇವುಗಳಿಂದ ಕಾಮಾಲೆ ಯಾವ ಬಗೆಯದೆಂದು ತಿಳಿಯಬಹುದು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದ ಮೂಲಕ ಹೆಪಟೈಟಿಸ್ ಬಿ ಮತ್ತು ಸಿ ರೋಗಗಳ ಪರೀಕ್ಷೆ, ಚಿಕಿತ್ಸೆಗಳು ಉಚಿತವಾಗಿ ದೊರೆಯುತ್ತವೆ. ಹೆಪಟೈಟಿಸ್ ಸಿ ಈಗ ಸುಮಾರು 12 ವಾರಗಳ ಮಾತ್ರೆಗಳಿಂದ 100ಕ್ಕೆ 95 ಮಂದಿಗೂ ಮೇಲ್ಪಟ್ಟು ಪೂರ್ಣವಾಗಿ ಗುಣವಾಗತಕ್ಕ ರೋಗ. ಅದನ್ನು ತಿಳಿಯದೆ ವರ್ಷಗಟ್ಟಲೆ ಕಷಾಯ ಕುಡಿಯುತ್ತ ಕುಳಿತರೆ ಯಕೃತ್ತು ಗಂಟುಗಂಟಾಗಿ ಗಟ್ಟಿಯಾಗುವುದು.

ಎರಡನೆಯದು, ಮುಚ್ಚುಮರೆಯಿಲ್ಲದಿರುವಿಕೆ. ಆಯುರ್ವೇದದ ಔಷಧವನ್ನು ತೆಗೆದುಕೊಳ್ಳಬೇಕೆಂದಿದ್ದರೆ ಆ ಶಾಸ್ತ್ರದಲ್ಲಿ ಪದವಿ ಪಡೆದು ನೋಂದಣಿಯಾದ ವೈದ್ಯರನ್ನೇ ಕಾಣಬೇಕು. ಅವರಿಗೆ ರಕ್ತಪರೀಕ್ಷೆಯ ವರದಿಯನ್ನು ತೋರಿಸಬೇಕು. ಅವರು ಕೊಟ್ಟ ಔಷಧದ ಸೀಸೆಯನ್ನು ಆಸ್ಪತ್ರೆಯ ವೈದ್ಯರಿಗೂ ತೋರಿಸಬೇಕು. ಬೈಯುವರೆಂಬ ಅಂಜಿಕೆಯಿಂದ ರೋಗಿಗಳು ಇದನ್ನು ಬಚ್ಚಿಡುವುದೇ ಹೆಚ್ಚು. ಬಚ್ಚಿಟ್ಟಾಗ, ಕಿಣ್ವಗಳು ಏರಿದುದು ರೋಗದಿಂದಲೋ ಔಷಧದಿಂದಲೋ ಎಂದು ತಿಳಿಯದೆ ವೈದ್ಯರು ಕತ್ತಲೆಯಲ್ಲಿ ತಡಕಬೇಕಾಗುತ್ತದೆ.

ಮೂರನೆಯದು, ಕ್ಷಯಕ್ಕಾಗಲಿ, ಹೆಪಟೈಟಿಸ್ ಬಿ ರೋಗಕ್ಕಾಗಲಿ ನಡೆಯುತ್ತಿರುವ ಚಿಕಿತ್ಸೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಅಂತಹ ಚಿಕಿತ್ಸೆಯಲ್ಲಿರುವಾಗ ಕಣ್ಣು ಹಳದಿಯಾದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ನಾಲ್ಕನೆಯದು, ಮಂಪರು, ಮಾತಿನ ತೊದಲು, ಹಗಲು ನಿದ್ದೆ ರಾತ್ರಿ ಎಚ್ಚರ, ವಸಡಿನಿಂದ ರಕ್ತ, ಕಪ್ಪು ಮಲ, ನಿಲ್ಲದ ವಾಂತಿ, ಹೊಟ್ಟೆ ಊದುವಿಕೆ, ಚಳಿಜ್ವರ, ಬಿಳಿಯ ಮಲ ಇವುಗಳಲ್ಲಿ ಒಂದು ಕಂಡರೂ, ರೋಗಿ ಗರ್ಭಿಣಿಯಾಗಿದ್ದರಂತೂ ಏನೂ ಕಾಣದಿದ್ದರೂ, ತಡಮಾಡದೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯನ್ನು ಸೇರಬೇಕು. ರಾಮನಗರದಿಂದ ಬೆಂಗಳೂರಿಗೆ ಸುಮಾರು 50 ಕಿಲೋಮೀಟರ್. ದೂರ ಕಡಿಮೆ, ತಡವಾಗುವುದು ಮನಸ್ಸು ಮಾಡುವುದರಲ್ಲಿ.

ಪಥ್ಯ, ನೀರು, ನಡಿಗೆ

ಆಯುರ್ವೇದದ ನಿಜವಾದ ಬಲ ಗುಳಿಗೆಗಿಂತ ಹೆಚ್ಚಾಗಿ ಪಥ್ಯದಲ್ಲಿದೆಯೆಂದು ನಮ್ಮ ಅಭಿಪ್ರಾಯ. ರೋಗದ ಕಾರಣವನ್ನು ತೊರೆಯುವುದೇ ಚಿಕಿತ್ಸೆಯ ಮೊದಲ ಹೆಜ್ಜೆಯೆಂದು ಆ ಶಾಸ್ತ್ರ ಹೇಳುತ್ತದೆ, ಅದನ್ನು ನಿದಾನಪರಿವರ್ಜನವೆನ್ನುವರು. ಮದ್ಯದಿಂದ ಕೆಟ್ಟ ಯಕೃತ್ತಿಗೆ ಮದ್ಯವನ್ನು ಬಿಡುವುದಕ್ಕಿಂತ ದೊಡ್ಡ ಔಷಧ ಎರಡು ಪದ್ಧತಿಗಳಲ್ಲಿಯೂ ಇಲ್ಲ.

ಪಥ್ಯವೆಂದರೆ ಉಪವಾಸವಲ್ಲ. ಕಾಮಾಲೆ ಬಂದವರಿಗೆ ಉಪ್ಪು, ಎಣ್ಣೆ, ಬೇಳೆಗಳನ್ನೆಲ್ಲ ತಪ್ಪಿಸಿ ವಾರಗಟ್ಟಲೆ ಬರಿಯ ಗಂಜಿ ಕೊಡುವ ರೂಢಿ ಹಲವೆಡೆ ಇದೆ. ಯಕೃತ್ತು ಹೊಸ ಕೋಶಗಳನ್ನು ಕಟ್ಟುವುದಕ್ಕೆ ಆಹಾರ ಬೇಕಲ್ಲವೆ? ರುಚಿಸಿದಷ್ಟು ಮುದ್ದೆ, ಅನ್ನ, ಬೇಳೆ, ಸೊಪ್ಪಿನ ಸಾರು, ಮೊಸರು, ಹಣ್ಣು ಇವನ್ನು ಸ್ವಲ್ಪಸ್ವಲ್ಪವಾಗಿ ಹಲವು ಸಲ ಕೊಡುವುದು ಲೇಸು. ಯಕೃತ್ತು ಗಟ್ಟಿಯಾದ ರೋಗಿಗಳಿಗಂತೂ ದೀರ್ಘ ಉಪವಾಸ ಹಾನಿಕರ. ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಮಾತ್ರ ವೈದ್ಯರು ಉಪ್ಪನ್ನು ಕಡಿಮೆ ಮಾಡಿಸುವರು. ಕಾಮಾಲೆಗೆ ಒಳ್ಳೆಯದೆಂದು ಹೆದ್ದಾರಿಯ ಬದಿಯಲ್ಲಿ ಐಸು ಹಾಕಿದ ಕಬ್ಬಿನ ಹಾಲನ್ನು ಕುಡಿಸುವವರೂ ಇದ್ದಾರೆ. ಆ ಐಸು ಯಾವ ನೀರಿನದೆಂದು ಯೋಚಿಸಿರಿ. ಹೆಪಟೈಟಿಸ್ ಎ ಮತ್ತು ಇ ವೈರಸ್ಸುಗಳು ಹರಡುವುದು ಮಲದಿಂದ ಕೆಟ್ಟ ನೀರಿನಲ್ಲಿಯೇ.

ಈ ಮಾತಿಗೆ ನಿದರ್ಶನವನ್ನು ದೆಹಲಿ ಕೊಟ್ಟಿದೆ. 1955ರ ಕೊನೆಯಲ್ಲಿ ಯಮುನೆಯ ನೀರಿನೊಡನೆ ಚರಂಡಿಯ ನೀರು ಬೆರೆತು ವಜೀರಾಬಾದಿನ ನೀರು ಶುದ್ಧೀಕರಣ ಕೇಂದ್ರದ ಮೂಲಕ ನಲ್ಲಿಗಳನ್ನು ಸೇರಿತು. ಅದರ ಫಲವಾಗಿ 1955-56ರಲ್ಲಿ ಸುಮಾರು 29,000 ಮಂದಿಗೆ ಕಾಮಾಲೆ ಬಂತು. ಅದು ಹೆಪಟೈಟಿಸ್ ಇ ಎಂಬುದು ಬಹು ಕಾಲದ ಮೇಲೆ, ಕೂಡಿಟ್ಟಿದ್ದ ರಕ್ತದ ಮಾದರಿಗಳ ಪರೀಕ್ಷೆಯಿಂದ ತಿಳಿಯಿತು. ಮಾಗಡಿ, ರಾಮನಗರ, ಕನಕಪುರಗಳ ಸೀಮೆಯಲ್ಲಿ ಹರಿಯುವ ಅರ್ಕಾವತಿಯನ್ನೂ, ಚನ್ನಪಟ್ಟಣದ ಕಣ್ವಾ ನದಿಯನ್ನೂ, ಊರೂರ ಕೆರೆಬಾವಿಗಳನ್ನೂ ಚರಂಡಿಯಿಂದ ಕಾಪಾಡುವುದು ಯಕೃತ್ತಿಗೆ ಮಾಡುವ ದೊಡ್ಡ ಉಪಕಾರ. ಕುದಿಸಿ ಆರಿಸಿದ ನೀರು, ಶೌಚದ ನಂತರವೂ ಊಟಕ್ಕೆ ಮೊದಲೂ ಸಾಬೂನಿನಿಂದ ಕೈತೊಳೆಯುವುದು, ಇವು ಕಾಸಿನ ಖರ್ಚಿಲ್ಲದ ರಕ್ಷೆಗಳು. ರಕ್ತದಿಂದಲೂ ತಾಯಿಯಿಂದ ಮಗುವಿಗೂ ಹರಡುವ ಹೆಪಟೈಟಿಸ್ ಬಿ ರೋಗಕ್ಕೆ ಲಸಿಕೆಯುಂಟು. ಹುಟ್ಟಿದ 24 ಗಂಟೆಗಳೊಳಗೆ ಅದರ ಮೊದಲ ಚುಚ್ಚುಮದ್ದು ಶಿಶುವಿಗೆ ಸಿಗಬೇಕು. ಏಕೆಂದರೆ ಶೈಶವದಲ್ಲಿ ಈ ವೈರಸ್ ಹೊಕ್ಕರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ಜೀವನಪರ್ಯಂತ ಉಳಿದುಬಿಡುತ್ತದೆ.

ಈಚೆಗೆ ಹೆಚ್ಚುತ್ತಿರುವ ಇನ್ನೊಂದು ತೊಂದರೆ ಯಕೃತ್ತಿನಲ್ಲಿ ಕೊಬ್ಬು ತುಂಬುವುದು. ಕುಳಿತು ಮಾಡುವ ಕೆಲಸ, ಸಿಹಿಪಾನೀಯ, ಕರಿದ ತಿಂಡಿಗಳು ಇದರ ಬೆಳವಣಿಗೆಗೆ ಗೊಬ್ಬರ. ದೇಹದ ತೂಕವನ್ನು 100ಕ್ಕೆ 7ರಿಂದ 10ರಷ್ಟು ಇಳಿಸಿದರೆ ಯಕೃತ್ತಿನ ಕೊಬ್ಬೂ ಉರಿಯೂತವೂ ತಗ್ಗುತ್ತವೆ. 80 ಕಿಲೋ ತೂಗುವವನು ಆರರಿಂದ ಎಂಟು ಕಿಲೋ ಇಳಿಸಿದರಾಯಿತು. ಹಸಿವಾದಾಗ ಉಣ್ಣುವುದು, ಮಿತವಾಗಿ ಉಣ್ಣುವುದು, ನಿತ್ಯ ವ್ಯಾಯಾಮ, ಹೊತ್ತಿಗೆ ಸರಿಯಾಗಿ ನಿದ್ರೆ ಎಂಬ ಹಳೆಯ ದಿನಚರ್ಯೆ ಇಲ್ಲಿ ಆಧುನಿಕ ವೈದ್ಯರ ಸಲಹೆಯೊಡನೆ ಅಕ್ಷರಶಃ ಕೂಡಿಕೊಳ್ಳುತ್ತದೆ.

ಕಾಮಾಲೆ ಕಣ್ಣಿನವನಿಗೆ ಕಂಡದ್ದೆಲ್ಲ ಹಳದಿಯೆಂದು ನಮ್ಮಲ್ಲಿ ಗಾದೆಯುಂಟು. ನಮ್ಮದೆಂಬ ಅಭಿಮಾನದಿಂದ ಪರೀಕ್ಷೆಯನ್ನು ಬೇಡವೆನ್ನುವವನಿಗೂ, ಹಳೆಯದೆಂಬ ತಾತ್ಸಾರದಿಂದ ಪರೀಕ್ಷೆಗೇ ಒಳಪಡಿಸದೆ ತಳ್ಳುವವನಿಗೂ ಆ ಗಾದೆ ಸಮನಾಗಿ ಅನ್ವಯಿಸುತ್ತದೆ. ಹೊಲದ ಬದುವಿನ ನೆಲನೆಲ್ಲಿಯನ್ನು ಎಸೆಯಬೇಕಾಗಿಲ್ಲ. ಅದು ಇನ್ನೂ ಉತ್ತರ ಕೊಡಬೇಕಾಗಿರುವ ಪ್ರಶ್ನೆ, ಮುಂದೆ ನಮ್ಮ ವಿದ್ಯಾರ್ಥಿಗಳಲ್ಲಿಯೇ ಯಾರಾದರೂ ಅದನ್ನು ಬಿಡಿಸಿಯಾರು. ಅಲ್ಲಿಯವರೆಗೆ ಮನೆಯಲ್ಲಿ ಯಾರ ಕಣ್ಣಾದರೂ ಹಳದಿಯಾದರೆ ಅಜ್ಜಿಯ ಆರೈಕೆ ಇರಲಿ, ಪಥ್ಯ ಇರಲಿ. ಆದರೆ ಗಿಡ ಕೀಳಲು ಹೊಲಕ್ಕೆ ಹೋಗುವ ಮೊದಲು ರೋಗಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಕೆಲಸವಾಗಲಿ.